ಮಳೆ ಬಂದರೆ ವೈಪರ್ ತಾನೇ ಓಡುತ್ತದೆ, ಮೂರನೇ ಬೆಳಿಗ್ಗೆ ಬ್ಯಾಟರಿ ಡೆಡ್: ಪಿಕಪ್‌ನ ಬಿಸಿಎಂ (ವೈಪರ್, ಲಾಕ್, ಲೈಟ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಬದಲಿಸಲೇಬೇಕಾ?

ಚೋರ್ಲಾ ಲೋಡು, ಫೋಂಡಾ

ಗಾಡಿ 2016ರ ಡಬಲ್ ಕ್ಯಾಬ್ ಡೀಸೆಲ್ ಪಿಕಪ್. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಫೋಂಡಾಕ್ಕೆ ತರಕಾರಿ ಲೋಡು. ಜೂನ್‌ನಿಂದ ಈ ತೊಂದರೆಗಳು:

ಜೋರು ಮಳೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ, ಸ್ವಿಚ್ ಆಫ್ ಇದ್ದರೂ ವೈಪರ್ ಒಂದೆರಡು ಸಲ ತಾನಾಗಿ ಬೀಸುತ್ತದೆ. ನಿಲ್ಲಿಸಿ ಇಳಿದರೆ ಸೆಂಟ್ರಲ್ ಲಾಕ್ ಟಕ್ ಟಕ್ ಅಂತ ಮೂರ್ನಾಲ್ಕು ಸಲ ಹೊಡೆದುಕೊಳ್ಳುತ್ತದೆ. ಎಡಗಡೆ ಇಂಡಿಕೇಟರ್ ದುಪ್ಪಟ್ಟು ವೇಗದಲ್ಲಿ ಮಿಣುಕುತ್ತದೆ, ಇದು ಮಾತ್ರ ಮಳೆ ಇಲ್ಲದಾಗಲೂ ಇದೆ. ಮೂರು ರಾತ್ರಿ ನಿಲ್ಲಿಸಿದರೆ ಮೂರನೇ ಬೆಳಿಗ್ಗೆ ಸ್ಟಾರ್ಟರ್ ತಿರುಗುವುದಿಲ್ಲ. ಬ್ಯಾಟರಿ ಹೊಸದು, 65 ಆಂಪಿಯರ್ ಅವರ್. ಎರಡು ಸಲ ಮೀಟರಿನಲ್ಲಿ ಕೀ ಚಿಹ್ನೆ ಮಿಣುಕಿ ಎಂಜಿನ್ ಹತ್ತಲಿಲ್ಲ, ಹತ್ತು ನಿಮಿಷ ಬಿಟ್ಟು ಹತ್ತಿತು.

ಸ್ಕ್ಯಾನರ್ ಹಾಕಿದಾಗ ಎಂಜಿನ್, ಎಬಿಎಸ್, ಮೀಟರ್ ಮೂರರಲ್ಲೂ ಯು0140 ಎಂಬ ದೋಷದ ಕೋಡ್ ಹಳೆಯ ಕೋಡ್ ಆಗಿ ಸಿಕ್ಕಿತು. ಗ್ಯಾರೇಜಿನವರು ಬಿಸಿಎಂ ಹೋಗಿದೆ, ಹೊಸದು ಹಾಕಿ ಅನ್ನುತ್ತಾರೆ. ಕುರ್ಲಾದಲ್ಲಿ ಹಳೆಯದು ಕಾಲು ಬೆಲೆಗೆ ಸಿಗುತ್ತದಂತೆ. ನನ್ನ ಪ್ರಶ್ನೆ ಮೂರು. ನಿಜವಾಗಿ ಬಿಸಿಎಂ ಹೋಗಿದೆಯಾ? ಹಳೆಯದು ಹಾಕಿದರೆ ನಡೆಯುತ್ತದಾ? ಮನೆಯಲ್ಲೇ ಬದಲಿಸಬಹುದಾ? ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ.

ಭೋಸರಿ ವೈರಿಂಗ್, ಪುಣೆ

ಯು0140 ಅಂದರೆ ಬಿಸಿಎಂ ಸತ್ತಿದೆ ಅಂತಲ್ಲ. ಬಿಸಿಎಂ ಜೊತೆ ಮಾತು ಕಡಿಯಿತು ಅಂತ ಉಳಿದ ಮಾಡ್ಯೂಲ್‌ಗಳು ಹೇಳುತ್ತಿವೆ, ಅಷ್ಟೇ. ಅದಕ್ಕೆ ಬರುವ ಪ್ಲಸ್ ಒಂದು ಕ್ಷಣ ಕಡಿದರೂ, ಅರ್ಥ್ ಸಡಿಲವಾದರೂ, ಕ್ಯಾನ್ ವೈರ್ (ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡುವ ಎರಡು ವೈರಿನ ಜೋಡಿ) ಒದ್ದೆಯಾದರೂ ಇದೇ ಕೋಡ್ ಬರುತ್ತದೆ. ಒಂದು ಪೈಸೆ ಖರ್ಚು ಮಾಡುವ ಮುಂಚೆ ನಾಲ್ಕು ಅಳತೆ ತೆಗೆದುಕೊಳ್ಳಿ.

ಮೊದಲು ಅರ್ಥ್. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಆನ್ ಮಾಡಿ. ಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಒಂದು ಮೊನೆ ಬ್ಯಾಟರಿ ನೆಗೆಟಿವ್ ಕಂಬದ ಮೇಲೆ. ಕ್ಲ್ಯಾಂಪ್ ಮೇಲೆ ಬೇಡ, ಕಂಬದ ಮೇಲೇ. ಇನ್ನೊಂದು ಮೊನೆ ಬಿಸಿಎಂ ಅರ್ಥ್ ಪಿನ್ನಿನ ಹಿಂಬದಿಯಿಂದ. 0.1 ವೋಲ್ಟ್ ಒಳಗೆ ಬರಬೇಕು. 0.3 ದಾಟಿದರೆ ಆ ದಾರಿಯಲ್ಲಿ ತುಕ್ಕು ಇದೆ ಅಂತಲೇ ಲೆಕ್ಕ. ಅರ್ಥ್ ಮೇಲೆದ್ದಾಗ ಬಿಸಿಎಂಗೆ ಸೊನ್ನೆ ಎಲ್ಲಿದೆ ಎಂದೇ ತಪ್ಪಾಗುತ್ತದೆ, ಎಲ್ಲ ಸ್ವಿಚ್ಚುಗಳ ಓದೂ ಅದರ ಜೊತೆ ಜಾರುತ್ತದೆ.

ಎರಡನೆಯದು ಪ್ಲಸ್. ಬರೀ ಮೀಟರಿನಲ್ಲಿ 12.5 ತೋರಿಸಿತು ಅಂತ ನಂಬಬೇಡಿ. ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12.5 ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಕನೆಕ್ಟರ್ ಕಳಚಿ, ಪ್ಲಸ್ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಕಟ್ಟಿ. ಅದು 1.75 ಆಂಪಿಯರ್ ಎಳೆಯುತ್ತದೆ. ಬಲ್ಬ್ ಪೂರ್ತಿ ಬೆಳಗಬೇಕು, ಬೆಳಗುವಾಗ ವೋಲ್ಟೇಜ್ ಬ್ಯಾಟರಿಗಿಂತ 0.3ಕ್ಕಿಂತ ಹೆಚ್ಚು ಕೆಳಗಿಳಿಯಬಾರದು. ಬಿಸಿಎಂಗೆ ಸಾಮಾನ್ಯವಾಗಿ ಒಂದಲ್ಲ, ಮೂರ್ನಾಲ್ಕು ಪ್ಲಸ್ ಬರುತ್ತವೆ: ಲಾಕಿಗೊಂದು, ಲೈಟಿಗೊಂದು, ಒಳಗಿನ ಪ್ರೊಸೆಸರಿಗೊಂದು. ಎಲ್ಲವನ್ನೂ ನೋಡಿ. ಈ ಬಲ್ಬನ್ನು ಕ್ಯಾನ್ ವೈರಿಗೆ ಅಥವಾ ಸ್ವಿಚ್ ವೈರಿಗೆ ಮಾತ್ರ ಮುಟ್ಟಿಸಬೇಡಿ.

ಮೂರನೆಯದು ಕ್ಯಾನ್. ಬ್ಯಾಟರಿ ನೆಗೆಟಿವ್ ತೆಗೆದು ಐದು ನಿಮಿಷ ಬಿಟ್ಟು ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಎರಡು ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. 40ರ ಹತ್ತಿರ ಬಂದರೆ ಹೊರಗಿನಿಂದ ಹಾಕಿಸಿದ ಯಾವುದೋ ಪೆಟ್ಟಿಗೆ ಮೂರನೇ ರೆಸಿಸ್ಟರ್ ಆಗಿ ಕೂತಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಕೆಲವು ಗಾಡಿಗಳಲ್ಲಿ ಬಾಡಿ ಕ್ಯಾನ್ ಬೇರೆ ಜೋಡಿ ಪಿನ್ನಿನಲ್ಲಿರುತ್ತದೆ, ವೈರಿಂಗ್ ನಕ್ಷೆ ನೋಡಿಕೊಳ್ಳಿ.

ನಾಲ್ಕನೆಯದು ನಿಂತಾಗ ಎಳೆಯುವ ಕರೆಂಟ್. ಇದರಲ್ಲೇ ಎಲ್ಲರೂ ಎಡವುವುದು. ಬಾಗಿಲ ಲಾಚ್ ಅನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ, ಫ್ಯೂಸ್ ಬಾಕ್ಸ್ ತೆರೆದಿಟ್ಟು, ಗಾಡಿ ಲಾಕ್ ಮಾಡಿ, ಕೀ ದೂರ ಇಟ್ಟು 40 ನಿಮಿಷ ಕಾಯಿರಿ. ಅದಕ್ಕಿಂತ ಮುಂಚೆ ಅಳೆದರೆ ಮಾಡ್ಯೂಲ್‌ಗಳು ಇನ್ನೂ ಮಲಗಿರುವುದಿಲ್ಲ. ಆಮೇಲೆ ಫ್ಯೂಸ್ ಕೀಳಬೇಡಿ. ಕಿತ್ತು ಹಾಕಿದರೆ ಮಾಡ್ಯೂಲ್ ಮತ್ತೆ ಎಚ್ಚರವಾಗುತ್ತದೆ. ಫ್ಯೂಸಿನ ತಲೆ ಮೇಲಿನ ಎರಡು ಚುಕ್ಕೆಗೆ ಮೊನೆ ಇಟ್ಟು ಮಿಲಿವೋಲ್ಟ್ ಓದಿ. 10 ಆಂಪಿಯರ್ ಬ್ಲೇಡ್ ಫ್ಯೂಸಿನ ರೋಧ ಸುಮಾರು 7ರಿಂದ 8 ಮಿಲಿಓಮ್, ಹಾಗಾಗಿ 5 ಮಿಲಿವೋಲ್ಟ್ ಕಂಡರೆ ಅದರಲ್ಲಿ 0.6, 0.7 ಆಂಪಿಯರ್ ಹರಿಯುತ್ತಿದೆ. ಇಡೀ ಗಾಡಿಗೆ 0.05 ಆಂಪಿಯರ್ ಒಳಗಿರಬೇಕು. ನಿಮ್ಮದು ಮೂರು ರಾತ್ರಿಯಲ್ಲಿ ಇಳಿಯುತ್ತದೆ ಅಂದರೆ ಮುಕ್ಕಾಲು ಆಂಪಿಯರ್ ಹತ್ತಿರ ಎಳೆಯುತ್ತಿರಬೇಕು, 0.75 ಅಂತ ಇಟ್ಟರೂ 60 ಗಂಟೆಗೆ 45 ಆಂಪಿಯರ್ ಅವರ್ ಹೋಯಿತು.

ವಾಸ್ಕೋ ಎಲೆಕ್ಟ್ರಿಷಿಯನ್

ಮ್ಯಾಲಿನವರು ಹೇಳಿದ್ದು ಖರೆ ಅದ. ಅದರ ಮ್ಯಾಲ ನಂದೊಂದು ಮಾತು. ಎಡಗಡೆ ಇಂಡಿಕೇಟರ್ ಫಾಸ್ಟ್ ಹೊಡಿಯೂದು ಬಿಸಿಎಂ ತಪ್ಪಲ್ರಿ. ಬಿಸಿಎಂ ಬಲ್ಬಿನ ಕರೆಂಟ್ ಅಳಿತದ. ಕಡಿಮಿ ಬಂತಂದ್ರ ಬಲ್ಬ್ ಹೋಗೇದ ಅಂತ ಡ್ರೈವರಿಗೆ ತಿಳಿಸ್ಲಿಕ್ಕೆ ಫಾಸ್ಟ್ ಮಾಡ್ತದ. ಪಿಕಪ್ ಹಿಂದಿನ ಲೈಟಿನ ಹೋಲ್ಡರ್ ಒಳಗ ಕೆಂಪು ರಾಡಿ ಹೊಕ್ಕೊಂಡಿರ್ತದ, ಇಲ್ಲಾಂದ್ರ ಯಾರೋ ಎಲ್‌ಇಡಿ ಬಲ್ಬ್ ಹಾಕಿರ್ತಾರ. ಹೋಲ್ಡರ್ ತಗದು ನೋಡ್ರಿ, ಅರ್ಥ್ ಪತ್ತಿ ಹಸರಾಗಿದ್ರ ಬದಲಿ ಮಾಡ್ರಿ. ಅದನ್ನ ಈ ಲೆಕ್ಕದಿಂದ ಹೊರಗ ಇಡ್ರಿ.

ಉಳಿದಿದ್ದೆಲ್ಲಾ ಮಳಿ ಬಂದಾಗ ಅಷ್ಟ ಆಗ್ತದ ಅಂದ್ರಿ. ಹಂಗಂದ್ರ ನೀರು. ವೈಪರ್ ಸ್ವಿಚ್ ಅಂದ್ರ ಏನ್ರಿ, ಬಿಸಿಎಂ ಒಂದು ವೈರಿನ್ಯಾಗ ಸಣ್ಣ ವೋಲ್ಟೇಜ್ ಇಟ್ಟು ಕಾಯ್ತಿರ್ತದ. ಸ್ವಿಚ್ ಒತ್ತಿದ್ರ ಆ ವೋಲ್ಟೇಜ್ ಅರ್ಥಿಗೆ ಇಳಿತದ, ಆವಾಗ ಮೋಟರ್ ಓಡಸ್ತದ. ಕನೆಕ್ಟರಿನ ಎರಡು ಪಿನ್ ನಡುವ ಒಂದು ಹನಿ ಉಪ್ಪು ನೀರು ಕುಂತರ ಸಾಕು, ಅದ ಸ್ವಿಚ್ ಆಗ್ತದ. ಲಾಕ್ ಹೊಡ್ಕೊಳ್ಳೂದೂ ಹಿಂಗ. ರಾತ್ರಿ ಬ್ಯಾಟರಿ ಇಳಿಯೂದೂ ಇದ ಕಾರಣಕ್ಕ: ಯಾರೋ ಸ್ವಿಚ್ ಒತ್ತಾಕತ್ತಾರ ಅಂತ ತಿಳ್ಕೊಂಡು ಬಿಸಿಎಂ ಮಲಗಂಗಿಲ್ಲ, ತಾನೂ ಎದ್ದಿರ್ತದ, ಕ್ಯಾನ್ ಮ್ಯಾಲಿನ ಎಲ್ಲಾರನ್ನೂ ಎಬ್ಬಿಸಿ ಇಡ್ತದ.

ನೀರು ಎಲ್ಲಿಂದ ಬರ್ತದ ಅಂತ ಹುಡುಕದ ಹೊಸ ಬಿಸಿಎಂ ಹಾಕಿದ್ರ ಮುಂದಿನ ಮಳಿಗಾಲಕ್ಕ ಅದೂ ಹೋಗ್ತದ. ಮುಂದಿನ ಗಾಜಿನ ಕೆಳಗ ವೈಪರ್ ಕುಂಡ್ರೂ ಪ್ಲಾಸ್ಟಿಕ್ ಜಾಳಿಗಿ ಅದಲ್ಲ, ಅದನ್ನ ತಗೀರಿ. ಎರಡೂ ಮೂಲ್ಯಾಗ ನೀರು ಹೋಗೂ ತೂತು ಇರ್ತಾವು. ಘಾಟಿನ ಎಲಿ, ರಾಡಿ ತುಂಬಿ ಮುಚ್ಚಿರ್ತಾವು. ನೀರು ತುಂಬಿ ಬ್ಲೋವರ್ ಬಾಯಿಂದ ಇಲ್ಲಾಂದ್ರ ವೈರಿಂಗ್ ತೂರಿದ ರಬ್ಬರ್ ಗ್ರೊಮೆಟ್ಟಿನಿಂದ ಒಳಗ ಇಳಿತದ, ಇಳಿದು ವೈರ್ ಹಿಡ್ಕೊಂಡು ಸೀದಾ ಬಿಸಿಎಂ ಕನೆಕ್ಟರಿಗೆ ಬರ್ತದ. ಇನ್ನೊಂದು ದಾರಿ ಗಾಜಿನ ಅಂಟು. ಗಾಜು ಬದಲಿ ಮಾಡಿಸಿದ ಗಾಡಿ ಇದ್ರ ಅದನ್ನೂ ನೋಡ್ರಿ. ಮೂರನೇದು ಎಸಿ ನೀರಿನ ಪೈಪ್ ಒಳಗ ಕಳಚಿರ್ತದ.

ಪರೀಕ್ಷಾ ಹಿಂಗ ಮಾಡ್ರಿ. ಬಿಸಿಎಂ ಮ್ಯಾಲಿನ ವೈರಿಗೆ, ಗ್ರೊಮೆಟ್ ಸುತ್ತ, ಒಣ ಪೇಪರ್ ಸುತ್ತಿ ಇಡ್ರಿ. ಒಬ್ಬರು ಹೊರಗಿಂದ ಬಾಟ್ಲಿಯಿಂದ ನಿಧಾನ ಒಂದ ಲೀಟರ್ ನೀರು ಒಂದ ಮೂಲಿಗೆ ಹಾಕ್ರಿ, ಹತ್ತು ನಿಮಿಷ ಬಿಡ್ರಿ, ಪೇಪರ್ ನೋಡ್ರಿ. ಆಮ್ಯಾಲೆ ಇನ್ನೊಂದು ಮೂಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪ್ ಹಿಡೀಬ್ಯಾಡ್ರಿ, ಎಲ್ಲಾ ಕಡೆ ಒದ್ದಿ ಆಗಿ ಏನೂ ಗೊತ್ತಾಗಂಗಿಲ್ಲ.

ಕುರ್ಲಾ ಬೆಂಚ್, ಮುಂಬೈ

ಹಳೆಯದರ ಬಗ್ಗೆ ಕೇಳಿದಿರಿ. ನಡೆಯುತ್ತದೆ, ಆದರೆ ತಂದು ಸಿಕ್ಕಿಸಿದರೆ ನಡೆಯುವುದಿಲ್ಲ.

ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಗಳಲ್ಲಿ ಪೆಟ್ಟಿಗೆ ಒಂದೇ ಥರ ಕಂಡರೆ ಸಾಕು, ಆಗುತ್ತದೆ ಅಂತ ಕೊಟ್ಟುಬಿಡುತ್ತಾರೆ. ಕನೆಕ್ಟರ್ ಕೂತಿತು ಅಂದ ಮಾತ್ರಕ್ಕೆ ಅದು ನಿಮ್ಮದಲ್ಲ. ಅದೇ ಕವಚದಲ್ಲಿ ಪವರ್ ವಿಂಡೋ ಇಲ್ಲದ ಕಡಿಮೆ ಮಾಡೆಲಿನದೂ, ಎಲ್ಲ ಇರುವ ಮೇಲಿನ ಮಾಡೆಲಿನದೂ ಬರುತ್ತದೆ. ಕಡಿಮೆ ಮಾಡೆಲಿನ ಬೋರ್ಡಿನಲ್ಲಿ ವಿಂಡೋ ಓಡಿಸುವ ಡ್ರೈವರ್ ಚಿಪ್‌ಗಳನ್ನೇ ಹಾಕಿರುವುದಿಲ್ಲ, ಪಿನ್ ಮಾತ್ರ ಇರುತ್ತದೆ. ಸ್ಟಿಕರಿನಲ್ಲಿ ಹಾರ್ಡ್‌ವೇರ್ ನಂಬರ್ ಒಂದು, ಸಾಫ್ಟ್‌ವೇರ್ ನಂಬರ್ ಇನ್ನೊಂದು ಇರುತ್ತದೆ. ಹಾರ್ಡ್‌ವೇರ್ ನಂಬರ್ ಕೊನೆಯ ಅಕ್ಷರದವರೆಗೆ ಹೊಂದಬೇಕು. ನಿಮ್ಮ ಸ್ಟಿಕರಿನ ಫೋಟೋ ಇಲ್ಲದೆ ಅಂಗಡಿಗೆ ಹೋಗಬೇಡಿ. ಬಿಲ್ ಬರೆಸಿಕೊಳ್ಳಿ, ಅದರಲ್ಲಿ ಪಾರ್ಟ್ ನಂಬರ್ ಇರಲಿ. ಕದ್ದ ಗಾಡಿಯ ಮಾಡ್ಯೂಲ್ ನಿಮ್ಮ ಡ್ಯಾಶ್‌ಬೋರ್ಡ್ ಕೆಳಗೆ ಇರುವುದು ಯಾರಿಗೂ ಬೇಡ. ಇನ್ನು ಅದೇ ಮೂಲೆಯಲ್ಲಿ ನೀರು ಕುಡಿದ ಗಾಡಿಯದನ್ನು ತರಬೇಡಿ. ಕವಚದ ಕ್ಲಿಪ್ ತೆಗೆಸಿ ಪಿನ್ನಿನ ಬುಡ ನೋಡಿ, ಬೆಳ್ಳಗೆ ಪುಡಿ ಇದ್ದರೆ ವಾಪಸ್ ಇಟ್ಟುಬಿಡಿ.

ಇನ್ನು ಒಳಗಿನ ವಿಷಯ. ಬಿಸಿಎಂನಲ್ಲಿ ಚಾಸಿ ನಂಬರ್, ಗಾಡಿಯ ಆಯ್ಕೆಗಳ ಪಟ್ಟಿ, ಹೆಚ್ಚಿನ ಗಾಡಿಗಳಲ್ಲಿ ಇಮ್ಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಹತ್ತದಂತೆ ತಡೆಯುವ ವ್ಯವಸ್ಥೆ) ಗುಟ್ಟು ಇವೆಲ್ಲ ಇರುತ್ತವೆ. ಕೀ ಚಿಹ್ನೆ ಮಿಣುಕಿ ಎಂಜಿನ್ ಹತ್ತಲಿಲ್ಲ ಅಂದಿರಲ್ಲ, ನಿಮ್ಮದರಲ್ಲಿ ಇಮ್ಮೊಬಿಲೈಜರ್ ಬಿಸಿಎಂ ಒಳಗೇ ಇದೆ, ಅಥವಾ ಬಿಸಿಎಂ ಮೂಲಕ ಹಾದುಹೋಗುತ್ತದೆ. ಬೇರೆ ಗಾಡಿಯದು ಹಾಕಿದರೆ ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದನ್ನು ಗುರುತಿಸುವುದಿಲ್ಲ. ಸ್ಟಾರ್ಟರ್ ತಿರುಗಬಹುದು, ಎಂಜಿನ್ ಹತ್ತುವುದಿಲ್ಲ.

ದಾರಿ ಎರಡು. ಹೊಸದಾದರೆ ಕಂಪನಿ ಸ್ಕ್ಯಾನರಿನಿಂದ ಚಾಸಿ ನಂಬರ್, ಆಯ್ಕೆ ಪಟ್ಟಿ ಬರೆಸಿ, ಸೆಕ್ಯುರಿಟಿ ಕೋಡ್ ತೆಗೆಸಿ ಕೀ ಕಲಿಸಬೇಕು. ಇರುವ ಎಲ್ಲ ಕೀ ಒಟ್ಟಿಗೆ ಒಯ್ಯಿರಿ, ಮನೆಯಲ್ಲಿ ಬಿಟ್ಟ ಕೀ ಪಟ್ಟಿಯಿಂದ ಅಳಿದುಹೋಗಬಹುದು. ಹಳೆಯದಾದರೆ ಕ್ಲೋನಿಂಗ್. ನಿಮ್ಮ ಬೋರ್ಡಿನ ಮೆಮೊರಿಯನ್ನು ಓದಿ ಆ ಬೋರ್ಡಿಗೆ ಬರೆಯುವುದು. ಕೆಲವದರಲ್ಲಿ ಅದು ಎಂಟು ಕಾಲಿನ ಸಣ್ಣ ಇಇಪ್ರಾಮ್ ಮೆಮೊರಿ ಚಿಪ್, ಕೆಲವದರಲ್ಲಿ ಪ್ರೊಸೆಸರ್ ಒಳಗಿನ ಡೇಟಾ ಫ್ಲ್ಯಾಶ್. ಚಿಪ್ಪಿಗೆ ಬೋರ್ಡ್ ಮೇಲೆಯೇ ಕ್ಲಿಪ್ ಹಾಕಿ ಓದಿದರೆ ಪ್ರೊಸೆಸರಿಗೂ ಕರೆಂಟ್ ಹೋಗಿ ಅದೂ ಮಧ್ಯೆ ಮಾತಾಡುತ್ತದೆ, ಓದು ಕೆಡುತ್ತದೆ. ಚಿಪ್ ಬಿಡಿಸಿ ಓದುವುದೇ ಸರಿ. ಮೂರು ಸಲ ಓದಿಸಿ, ಮೂರೂ ಫೈಲ್ ಅಕ್ಷರಶಃ ಒಂದೇ ಇರಬೇಕು. ಫೈಲ್ ತುಂಬಾ ಎಫ್‌ಎಫ್ ಅಂತಲೇ ಇದ್ದರೆ ಓದೇ ಆಗಿಲ್ಲ ಅಂತ ಅರ್ಥ, ಅದನ್ನು ಬರೆದರೆ ತಂದ ಬೋರ್ಡೂ ಹೋಯಿತು. ತಂದ ಬೋರ್ಡಿನ ಮೂಲ ಫೈಲನ್ನೂ ಮೊದಲು ಉಳಿಸಿಟ್ಟುಕೊಳ್ಳಿ.

ಈ ಕಾರಣಕ್ಕೇ ಹೇಳುವುದು, ನಿಮ್ಮ ಬಿಸಿಎಂ ಇನ್ನೂ ಅರೆಜೀವ ಇರುವಾಗಲೇ ಸ್ಕ್ಯಾನರಿನಿಂದ ಅದರ ಆಯ್ಕೆ ಪಟ್ಟಿ ಇಳಿಸಿಕೊಳ್ಳಿ. ಪೂರ್ತಿ ಸತ್ತ ಮೇಲೆ ಅದು ಸಿಗುವುದಿಲ್ಲ.

ಚೋರ್ಲಾ ಲೋಡು, ಫೋಂಡಾ

ಎಲ್ಲ ಅಳೆದೆ. ಅರ್ಥ್ 0.42 ವೋಲ್ಟ್. ಪ್ಲಸ್‌ಗಳು ನಾಲ್ಕೂ ಸರಿ, ಬಲ್ಬ್ ಪೂರ್ತಿ ಬೆಳಗಿತು. ಕ್ಯಾನ್ 60.5 ಓಮ್. ನಿಂತಾಗ 0.74 ಆಂಪಿಯರ್, ಬಿಸಿಎಂ ಫ್ಯೂಸ್ ಕಿತ್ತರೆ 0.03ಕ್ಕೆ ಇಳಿಯಿತು. ಹಿಂದಿನ ಎಡ ಹೋಲ್ಡರ್ ಹಸಿರು ಹಿಡಿದಿತ್ತು, ಬದಲಿಸಿದೆ, ಇಂಡಿಕೇಟರ್ ಸರಿಯಾಯಿತು. ನೀರು ಎಡ ಮೂಲೆಯಿಂದ, ಗ್ರೊಮೆಟ್ ಹಾದು ಬರುತ್ತಿದೆ. ಪೇಪರ್ ನಾಲ್ಕೇ ನಿಮಿಷದಲ್ಲಿ ಒದ್ದೆ.

ಬಿಸಿಎಂ ಬಿಚ್ಚಿದೆ. ಮೂರು ಕನೆಕ್ಟರುಗಳಲ್ಲಿ ಮೇಲಿನದರ ಕೆಳ ಸಾಲಿನ ಆರು ಪಿನ್ ಸುತ್ತ ಬೆಳ್ಳಗೆ, ಹಸಿರು ಪುಡಿ. ಬ್ರಷ್ ಆಡಿಸಿದಾಗ ಎರಡು ಪಿನ್ ಬುಡದಲ್ಲಿ ಬೋರ್ಡಿನ ತಾಮ್ರದ ಗೆರೆಯೇ ಕರಗಿಹೋಗಿದೆ. ತೊಳೆದರೆ ಸಾಕಾ, ಬದಲಿಸಬೇಕಾ? ಸ್ಕ್ಯಾನರಿನಿಂದ ಆಯ್ಕೆ ಪಟ್ಟಿ ಇಳಿಸಿಟ್ಟಿದ್ದೇನೆ.

ಕುರ್ಲಾ ಬೆಂಚ್, ಮುಂಬೈ

ಗೆರೆ ಕರಗಿದ್ದರೆ ಬದಲಿಸಿ. ಜಂಪರ್ ವೈರ್ ಬೆಸೆದು ಓಡಿಸಬಹುದು, ಆದರೆ ಹಲವು ಪದರದ ಬೋರ್ಡಿನಲ್ಲಿ ಉಪ್ಪು ತೂತುಗಳ ಒಳಗೆ ಇಳಿದಿರುತ್ತದೆ, ಆರು ತಿಂಗಳಿಗೆ ಪಕ್ಕದ್ದು ಹೋಗುತ್ತದೆ. ಘಾಟಿನಲ್ಲಿ ರಾತ್ರಿ ಹೆಡ್‌ಲೈಟ್ ಆರಿದರೆ ಅದು ಬರೀ ರಿಪೇರಿ ಖರ್ಚಿನ ಮಾತಲ್ಲ.

ಕ್ಲೋನಿಂಗಿಗೆ ಕಳಿಸುವ ಮುಂಚೆ ಮಾತ್ರ ತೊಳೆಯಲೇಬೇಕು, ಮೆಮೊರಿ ಓದಲು ಬೋರ್ಡ್ ಸ್ವಚ್ಛ ಇರಬೇಕು. ಮೊದಲು ಡಿಸ್ಟಿಲ್ಡ್ ವಾಟರ್, ಯಾಕೆಂದರೆ ಉಪ್ಪು ಕರಗುವುದು ನೀರಿನಲ್ಲೇ. ಆಮೇಲೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಹಲ್ಲುಜ್ಜುವ ಬ್ರಷ್, ಎರಡು ಸಲ. ಮೆಡಿಕಲ್ ಸ್ಟೋರಿನ 70 ಪರ್ಸೆಂಟಿನದು ಬೇಡ, ಅದರಲ್ಲಿ ನೀರೇ ಉಳಿಯುತ್ತದೆ. ಫ್ಯಾನ್ ಕೆಳಗೆ ಒಂದು ದಿನ ಒಣಗಲಿ. ಅಕ್ಕಿ ಡಬ್ಬಿಯಲ್ಲಿ ಹೂಳಿಡುವುದು ಕೆಲಸಕ್ಕೆ ಬರುವುದಿಲ್ಲ. ನೀರು ಹೋದರೂ ಉಪ್ಪು ಅಲ್ಲೇ ಉಳಿಯುತ್ತದೆ, ಮುಂದಿನ ತೇವಕ್ಕೆ ಮತ್ತೆ ಶುರು.

ಭೋಸರಿ ವೈರಿಂಗ್, ಪುಣೆ

ಹೊಸ ಬೋರ್ಡ್ ಬರುವವರೆಗೆ ಗಾಡಿ ಕಡೆಯ ಕೆಲಸ ಮುಗಿಸಿಕೊಳ್ಳಿ. 0.42 ಅಂದರೆ ಅರ್ಥ್ ಪಾಯಿಂಟ್ ಕೆಟ್ಟಿದೆ. ಬಹುಮಟ್ಟಿಗೆ ಕಾಲಿಡುವ ಜಾಗದ ಪಕ್ಕದ ಕಿಕ್ ಪ್ಯಾನಲ್ ಹಿಂದೆ ಇರುತ್ತದೆ. ಬೋಲ್ಟ್ ಬಿಚ್ಚಿ, ಐಲೆಟ್ (ವೈರಿನ ತುದಿಯ ಉಂಗುರ) ಮತ್ತು ಬಾಡಿ ಎರಡನ್ನೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಬಣ್ಣ ಅಥವಾ ಗ್ರೀಸ್ ಹಚ್ಚಿ. ಮತ್ತೆ ಅಳೆದು 0.1 ಒಳಗೆ ಬಂದಿದೆಯಾ ನೋಡಿ.

ಕನೆಕ್ಟರಿನ ಆ ಆರು ಹೆಣ್ಣು ಟರ್ಮಿನಲ್‌ಗಳನ್ನೂ ಬದಲಿಸಬೇಕು. ಹೊಸ ಬೋರ್ಡಿಗೆ ಹಳೆಯ ಹಸಿರು ಟರ್ಮಿನಲ್ ಸಿಕ್ಕಿಸಿದರೆ ಸಂಪರ್ಕ ಬಿಸಿಯಾಗಿ ಪಿನ್ ಸುಡುತ್ತದೆ. ವೈರಿನ ತುದಿ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಹಸಿರು ಇನ್ಸುಲೇಷನ್ ಒಳಗೆ ಒಂದು ಗೇಣಿನಷ್ಟು ಏರಿರಬಹುದು. ಅಷ್ಟೇ ದಪ್ಪದ ತುಂಡು ಸೇರಿಸಿ, ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಆರೂ ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ.

ಬೋರ್ಡ್ ಬಂದ ಮೇಲೆ: ಇಗ್ನಿಷನ್ ಆಫ್, ಕೀ ಹೊರಗೆ, ಗಾಜು ಇಳಿಸಿಟ್ಟು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಹತ್ತು ನಿಮಿಷ ಕಾಯಿರಿ, ಏರ್‌ಬ್ಯಾಗ್ ಕೆಪಾಸಿಟರ್ ಖಾಲಿಯಾಗಬೇಕು. ಅದರ ಹಳದಿ ಕನೆಕ್ಟರ್‌ಗಳನ್ನು ಮುಟ್ಟಲೇಬೇಡಿ. ಕನೆಕ್ಟರಿನ ಲಿವರ್ ಪೂರ್ತಿ ತಿರುಗುವವರೆಗೆ ಒತ್ತಿ. ಅರ್ಧ ಕೂತ ಲಿವರ್ ರಸ್ತೆಯ ಮೊದಲ ಗುಂಡಿಯಲ್ಲೇ ಸಡಿಲವಾಗುತ್ತದೆ. ನೆಗೆಟಿವ್ ಹಾಕಿ, ಪ್ರೋಗ್ರಾಮಿಂಗ್ ಇದ್ದರೆ ವೋಲ್ಟೇಜ್ ಸ್ಥಿರವಾಗಿ ಹಿಡಿಯುವ ಸಪೋರ್ಟ್ ಯೂನಿಟ್ ಹಚ್ಚಿ, 13 ವೋಲ್ಟ್ ಮೇಲೆ ನಿಲ್ಲಬೇಕು. ಇಗ್ನಿಷನ್ ಆನ್ ಇಟ್ಟ ಗಾಡಿ ಸುಮ್ಮನೆ 10 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ, ಬರೆಯುವ ಮಧ್ಯೆ ವೋಲ್ಟೇಜ್ ಕುಸಿದರೆ ಹೊಸ ಬೋರ್ಡ್ ಅಲ್ಲೇ ಕೆಟ್ಟು ನಿಲ್ಲುತ್ತದೆ. ಸಾಮಾನ್ಯ ಬ್ಯಾಟರಿ ಚಾರ್ಜರ್ ಸಾಲದು. ಹೆಡ್‌ಲೈಟ್, ಬ್ಲೋವರ್ ಆಫ್ ಇರಲಿ, ಬರೆಯುವಾಗ ಬಾಗಿಲು ತೆರೆಯಬೇಡಿ.

ಕೊನೆಗೆ ಪವರ್ ವಿಂಡೋಗೆ ಮಿತಿ ಕಲಿಸಿ. ಗಾಜು ಪೂರ್ತಿ ಏರಿಸಿ ಗುಂಡಿ ಕೆಲವು ಸೆಕೆಂಡ್ ಹಿಡಿಯುವುದು ಸಾಮಾನ್ಯ ವಿಧಾನ. ಎಲ್ಲ ಕೋಡ್ ಅಳಿಸಿ, 40 ನಿಮಿಷ ಬಿಟ್ಟು ನಿಂತಾಗಿನ ಕರೆಂಟ್ ಮತ್ತೆ ಅಳೆಯಿರಿ. 0.05 ಒಳಗೆ ಬಾರದೆ ಡ್ಯಾಶ್‌ಬೋರ್ಡ್ ಮುಚ್ಚಬೇಡಿ.

ವಾಸ್ಕೋ ಎಲೆಕ್ಟ್ರಿಷಿಯನ್

ಗ್ರೊಮೆಟ್ ಬದಲಿ ಮಾಡ್ರಿ, ಬರೇ ಸಿಲಿಕೋನ್ ಮೆತ್ತಬ್ಯಾಡ್ರಿ. ಮೆತ್ತಲೇಬೇಕಂದ್ರ ನ್ಯೂಟ್ರಲ್ ಕ್ಯೂರ್ ಅಂತ ಬರ್ದಿದ್ದು ತಗೋರಿ. ವಿನೆಗರ್ ವಾಸನಿ ಬರೂ ಸಿಲಿಕೋನ್ ಒಣಗಬೇಕಾದ್ರ ಆಸಿಡ್ ಬಿಡ್ತದ, ಅದು ತಾಮ್ರ ತಿಂತದ. ಬಿಸಿಎಂಗೆ ಬರೂ ವೈರಿನ ಕಟ್ಟು ಮ್ಯಾಲಿಂದ ಸೀದಾ ಇಳಿಬಾರದು. ಕನೆಕ್ಟರಿಗಿಂತ ಮೂರು ಬೊಟ್ಟು ಕೆಳಗ ಇಳಿಸಿ ಆಮ್ಯಾಲೆ ಮ್ಯಾಲ ಏರಿಸಿ ಟೈ ಕಟ್ರಿ. ನೀರು ಬಂದ್ರೂ ಆ ಬಾಗಿನ್ಯಾಗ ತೊಟ್ಟಿಕ್ಕಿ ಹೋಗ್ತದ. ಜಾಳಿಗಿ ಕೆಳಗಿನ ತೂತು ಮೇ ತಿಂಗಳಾಗೊಮ್ಮೆ, ಆಗಸ್ಟಿನ್ಯಾಗೊಮ್ಮೆ ತಂತಿ ಹಾಕಿ ಸ್ವಚ್ಛ ಮಾಡ್ರಿ.

ಚೋರ್ಲಾ ಲೋಡು, ಫೋಂಡಾ

ಅರ್ಥ್ ಈಗ 0.06. ಟರ್ಮಿನಲ್, ಗ್ರೊಮೆಟ್ ಆರ್ಡರ್ ಮಾಡಿದ್ದೇನೆ. ಕ್ಲೋನ್ ಆದ ಮೇಲೆ ಹಳೆಯ ಬೋರ್ಡನ್ನು ಅಂಗಡಿಗೇ ಕೊಟ್ಟುಬಿಡಲಾ? ಐನೂರು ಕಡಿಮೆ ಮಾಡುತ್ತಾರಂತೆ.

ಕುರ್ಲಾ ಬೆಂಚ್, ಮುಂಬೈ

ಕೊಡಬೇಡಿ. ಅದರ ಮೆಮೊರಿಯಲ್ಲಿ ನಿಮ್ಮ ಗಾಡಿಯ ಕೀ ಗುಟ್ಟು ಇದೆ. ಓದಿದ ಫೈಲನ್ನೂ ಪೆನ್ ಡ್ರೈವಿನಲ್ಲಿ ಇಸಿದುಕೊಂಡು ಆರ್‌ಸಿ ಜೊತೆ ಇಡಿ. ಬೋರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚಾಸಿ ನಂಬರಿನ ಕೊನೆಯ ಆರು ಅಂಕಿ ಬರೆದು ಮನೆಯಲ್ಲಿ ಇಟ್ಟುಕೊಳ್ಳಿ.